ಎಸರಿಗೆ ಬಿದ್ದ ಬೆಣ್ಣೆ

ಅದು ಶುರುವಾದದ್ದು ದೀಪಾವಳಿ ಕಳೆದ ಮೇಲೆ, ಮೆಕ್ಕೆಜೋಳದ ರಾಶಿ ಡಾಂಬರು ರಸ್ತೆಯ ಅರ್ಧ ಹಿಡಿದು ಒಣಗುವ ಕಾಲದಲ್ಲಿ, ಹಾಲಿನವರ ಬೈಕಿಗೆ ಕಟ್ಟಿದ ಕ್ಯಾನುಗಳು ಒಂದಕ್ಕೊಂದು ಬಡಿದುಕೊಂಡು ಹೋಗುವ ಬೆಳಗಿನ ಹೊತ್ತಿನಲ್ಲಿ. ಸುಷ್ಮಿತಾ ಓಡಿ ಬಂದು ರೂಮಿನ ಹೊಸ್ತಿಲ ಮೇಲೆ ಕೂತು, ಮುಂದಕ್ಕೆ ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದಳು. ಅವಳನ್ನು ದಾಟಿ ಒಳಗೆ ಹೋಗಬೇಕಾಗಿದ್ದ ಬೆನಕಪ್ಪ, ಮಂಡಿ ಹಿಡಿದಿದ್ದರಿಂದ, ಮೊಮ್ಮಗಳ ಬೆನ್ನಿನ ಮೇಲೆ ಕೈ ಊರಿದ. ಊರಿದ್ದು ಆಸರೆಗೇ. ಆದರೆ ಅದು ಹುಟ್ಟಿದಾಗಿನಿಂದ ಕುರಿಗಳ ನಡುವೆ ಬೆಳೆದ ಕೈ, ಸಾಕಿದ ಟಗರುಗಳ ಬೆನ್ನು ಮುಟ್ಟಿ ಮಾರುವ ದಿನ ಗೊತ್ತುಮಾಡುತ್ತಿದ್ದ ಕೈ. ಅವನನ್ನು ಕೇಳದೆ ತನ್ನ ಪಾಡಿಗೆ ತಾನು ನೋಡಿಬಿಟ್ಟಿತು. ಹೆಬ್ಬೆರಳು ಬೆನ್ನುಹುರಿಯ ಈ ಬದಿ, ಉಳಿದ ಬೆರಳುಗಳು ಆ ಬದಿ, ನಡುವೆ ಹಗ್ಗದ ಗಂಟುಗಳ ಹಾಗೆ ಎಲುಬು. ಒದ್ದೆ ಬನಿಯನ್ನಿನ ಕೆಳಗೆ ಚರ್ಮ, ಚರ್ಮದ ಕೆಳಗೆ ನೇರವಾಗಿ ಎಲುಬು. ಇಂಥ ಬೆನ್ನಿನ ಟಗರನ್ನು ಅವನು ಯಾವತ್ತೂ ಸಂತೆಗೆ ಹೊಡೆದುಕೊಂಡು ಹೋದವನಲ್ಲ, ನೋಡಿದವರು ಏನೆಂದಾರು ಅನ್ನುವ ನಾಚಿಕೆಗೆ. ಕೈ ತೆಗೆದುಕೊಂಡ. ‘ಏನಜ್ಜ?’ ಅಂದಳು ಅವಳು, ತಲೆಯೆತ್ತದೆ. ‘ಏನಿಲ್ಲವ್ವ, ಮಂಡಿ’ ಅಂದ. ಒಳಗೆ ಬಂದು ಗ್ಯಾಸು ಹಚ್ಚಿ ರೊಟ್ಟಿಗೆ ಎಸರಿಟ್ಟ. ಗೂಡಿನಲ್ಲಿ ತನಗೆಂದು ತಂದಿಟ್ಟುಕೊಂಡಿದ್ದ ಬೆಣ್ಣೆಯಿತ್ತು. ನೀರು ಮರಳುವಾಗ ಅದರಲ್ಲಿ ಒಂದು ನೆಲ್ಲಿಕಾಯಿ ಗಾತ್ರದ್ದನ್ನು ಎಸರಿಗೆ ಬಿಟ್ಟ. ಅದು ಕರಗಿ, ಹಳದಿ ಕಣ್ಣುಗಳಾಗಿ ಒಡೆದು ನೀರಿನ ಮೇಲೆ ತೇಲಿ ಅವನನ್ನೇ ನೋಡತೊಡಗಿತು. ಜೋಳದ ಹಿಟ್ಟು ಸುರಿದು ಆ ಕಣ್ಣುಗಳನ್ನು ಮುಚ್ಚಿದ.

ಶಿಕಾರಿಪುರದ ಆ ಬೀದಿಯಲ್ಲಿ ಎಲ್ಲ ರೂಮುಗಳೂ ಓದುವ ಮಕ್ಕಳವೇ. ಊರಿಂದ ಬಂದ ಹುಡುಗರಿಗೆ ಹುಡುಗಿಯರಿಗೆ ರೂಮು ಮಾಡಿಕೊಟ್ಟು, ಅಡುಗೆಗೆ ಮನೆಯ ಒಬ್ಬ ಅಜ್ಜಿಯನ್ನು ಜೊತೆಗೆ ಕಳಿಸುವುದು ವಾಡಿಕೆ. ಹಾಗಾಗಿ ನಲ್ಲಿಯ ಹತ್ತಿರ ಬೆಳಗ್ಗೆ ಸೇರುವವರೆಲ್ಲ ಅಜ್ಜಿಯರು. ಅಜ್ಜ ಅವನೊಬ್ಬನೇ. ಹೆಂಡತಿ ಹಾಲಮ್ಮ ಬದುಕಿದ್ದಿದ್ದರೆ ಅವಳೇ ಬರುತ್ತಿದ್ದಳು. ಮಗ ಮಹಾಂತೇಶ ಕುರಿ ಹೊಡೆದುಕೊಂಡು ತಾಳಗುಂದದ ಕಡೆ ಕೊಯ್ದ ಗದ್ದೆಗಳಲ್ಲಿ ಇದ್ದಾನೆ, ಸೊಸೆ ನಾಗವೇಣಿ ಸೊರಬದಲ್ಲಿ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ. ಅಂಬ್ಲಿಗೊಳದ ಹಿನ್ನೀರಿನ ಮೇಲಿನ ಊರಿನಲ್ಲಿ ಮಂಡಿ ಹಿಡಿದು ಕೂತಿದ್ದ ಬೆನಕಪ್ಪನನ್ನು ಮಗ ಒಂದು ದಿನ ಕರೆದು, ‘ಅಪ್ಪ, ನೀನೇ ಹೋಗು. ಹಟ್ಟಿಯಾಗೆ ನಲವತ್ತು ವರ್ಷ ಬೇಯಿಸ್ಕಂಡು ತಿಂದೀಯಲ್ಲ’ ಅಂದ. ಅದು ನಿಜ. ಕುರಿಯ ಹಿಂದೆ ಹೋದ ಗಂಡಸು ಬಯಲಲ್ಲಿ ಮೂರು ಕಲ್ಲು ಹೂಡಿ ತನ್ನ ರೊಟ್ಟಿ ತಾನೇ ತಟ್ಟಿಕೊಳ್ಳಬೇಕು. ಆದರೆ ಅದು ಬಯಲು, ನೋಡುವವರು ಕುರಿಗಳು. ಇಲ್ಲಿ ಕೊಡ ಹಿಡಿದು ನಿಂತರೆ ಪಕ್ಕದ ರೂಮಿನ ಅಜ್ಜಿ, ‘ಏನು ಬೆನಕಣ್ಣ, ಇವತ್ತು ಏನು ಸಾರು ನಿಮ್ಮನ್ಯಾಗೆ? ನಮಗೂ ಒಂದೀಟು ಕಲಿಸ್ರಿ’ ಅನ್ನುತ್ತಾಳೆ, ಉಳಿದವರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ಅವನೂ ನಗುತ್ತಾನೆ. ನಕ್ಕು, ಕೊಡ ಎತ್ತಿಕೊಂಡು ಬಂದು, ಸುಷ್ಮಿತಾ ಕಾಲೇಜಿನಿಂದ ಬರುವ ತನಕ ಬಾಗಿಲ ಹತ್ತಿರ ಕೂತಿರುತ್ತಾನೆ. ಮಾತಾಡುವುದಕ್ಕೆ ಒಂದು ಕುರಿಯೂ ಇಲ್ಲ.

ಇವತ್ತು ಸೋಮವಾರ. ಜಿಲ್ಲೆಯ ಕುಸ್ತಿ ತಂಡಕ್ಕೆ ಹುಡುಗಿಯರನ್ನು ಆರಿಸುವ ದಿನ. ಸುಷ್ಮಿತಾ ಕತ್ತಲಿರುವಾಗಲೇ ಎದ್ದು, ಒಂದು ಗುಟುಕು ನೀರನ್ನೂ ಕುಡಿಯದೆ ಹೋಗಿದ್ದಾಳೆ. ತೂಕ ಆಗುವ ತನಕ ಏನೂ ಕುಡಿಯುವಂತಿಲ್ಲ. ಐವತ್ತು ಕೆಜಿಯ ಒಳಗೆ ಬಂದರೆ ಚಾಪೆಯ ಮೇಲೆ ಇಳಿಯುತ್ತಾಳೆ, ಬರದಿದ್ದರೆ ಇಲ್ಲ. ಹೋದ ವರ್ಷ ಮೇಲಿನ ತೂಕದಲ್ಲಿ ಆಡಿದ್ದಳು, ಮರದ ದಿಮ್ಮಿಯಂಥ ಹುಡುಗಿಯೊಬ್ಬಳು ಎತ್ತಿ ಒಗೆದಿದ್ದಳು. ಆಗಲೇ ನಾಗವೇಣಿ ಸೊರಬದಿಂದ ಫೋನು ಮಾಡಿ ಮಾತು ತೆಗೆದುಕೊಂಡಳು: ‘ಇನ್ನೊಂದು ವರ್ಷ ನೋಡು. ಆಗ್ಲಿಲ್ಲಂದ್ರೆ ಕುಸ್ತಿ ಗಿಸ್ತಿ ಬಿಟ್ಟು ಸೊರಬಕ್ಕೆ ಬಂದ್ಬಿಡಬೇಕು, ಇಲ್ಲೇ ಕಾಲೇಜಿಗೆ ಹಾಕ್ತೀನಿ.’ ‘ಆತಮ್ಮ’ ಅಂದಿದ್ದಳು ಸುಷ್ಮಿತಾ. ಸೊರಬದಲ್ಲಿ ಚಾಪೆಯಿಲ್ಲ, ಹುಡುಗಿಯರಿಗೆ ಕುಸ್ತಿ ಹೇಳಿಕೊಡುವವರಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು, ಪಕ್ಕದಲ್ಲಿ ಬೇಳೆ ಆರಿಸುತ್ತಿದ್ದ ಬೆನಕಪ್ಪನಿಗೂ ಗೊತ್ತಿತ್ತು. ಈಗ ಅವನು ಬಟ್ಟೆಯಲ್ಲಿ ಬುತ್ತಿ ಕಟ್ಟಿ ಗಂಟು ಬಿಗಿದ. ತೂಕ ಆದ ತಕ್ಷಣ ಅವಳು ಉಣ್ಣಬೇಕು, ಆಡುವುದಕ್ಕೆ ಶಕ್ತಿ ಬೇಕು, ಕುಸ್ತಿಯ ಮೇಡಂ ಹೇಳಿದ್ದಾರೆ. ಇವತ್ತಿನ ರೊಟ್ಟಿಗೆ ಉಳಿದ ಬೆಣ್ಣೆಯನ್ನೆಲ್ಲ ಹಾಕಿಬಿಟ್ಟಿದ್ದ. ಬಟ್ಟೆಯ ಒಂದು ಮೂಲೆಯಲ್ಲಿ ಆಗಲೇ ಜಿಡ್ಡಿನ ಕಲೆ ಮೂಡಿತ್ತು. ಆ ಮೂಲೆಯನ್ನು ಒಳಗೆ ಮಡಿಸಿ ಹೊರಟ.

ದಾರಿಯಲ್ಲಿ ಹುಚ್ಚಮ್ಮ ಕೂತಿದ್ದಳು, ಬಂದಳಿಕೆಯ ಕಡೆಯಿಂದ ಬೆಣ್ಣೆ ತಂದು ಮಾರುವವಳು, ಬಾಳೆಲೆ ಹೊದಿಸಿದ ಬುಟ್ಟಿಯ ಹಿಂದೆ. ‘ಏನ್ರೀ ಯಜಮಾನ್ರೆ, ಇವತ್ತು ಬೆಣ್ಣೆ ಬ್ಯಾಡಾ? ದೀಪಾವಳಿಯಿಂದ ನಿಮ್ಮನ್ನ ನಂಬ್ಕಂಡೇ ಎಮ್ಮೆ ಹಿಂಡ್ತಿದೀನಿ.’ ಬ್ಯಾಡವ್ವ ಅಂದ. ‘ಈ ವಯಸ್ಸಿನಾಗೆ ಇಷ್ಟು ಬೆಣ್ಣೆ ತಿಂದು ಎಲ್ಲಿ ಇಟ್ಕಂಡೀರಿ, ಮೈಮ್ಯಾಲಂತೂ ಕಾಣವಲ್ದು’ ಅಂದು ನಕ್ಕಳು. ಎಲ್ಲಿ ಇಟ್ಟುಕೊಂಡೆ. ಆ ಮಾತು ಅವನ ಜೊತೆಗೇ ಬಂತು. ರಸ್ತೆಯ ಅರ್ಧಕ್ಕೆ ಹರಡಿದ ಮೆಕ್ಕೆಜೋಳವನ್ನು ಒಬ್ಬ ಹೆಂಗಸು ಕಾಲಿನಿಂದ ಸಾಲು ಸಾಲಾಗಿ ತಿರುವುತ್ತಿದ್ದಳು. ಕಾಳು ಬಿಸಿಲಿಗೆ ಹೊಳೆಯುತ್ತಿತ್ತು. ಒಣಗಿದಷ್ಟೂ ತೂಕ ಇಳಿಯುತ್ತದೆ, ಇಳಿದಷ್ಟೂ ಒಳ್ಳೆಯ ಕಾಳು ಅನ್ನುತ್ತಾರೆ. ಸುಷ್ಮಿತಾ ಹೇಳಿದ್ದಳು, ‘ಅಜ್ಜ, ಮೈಯಾಗಿನ ನೀರೂ ತೂಕನೇ.’ ಆಗ ಅವಳು ಬಾಯಲ್ಲಿ ಒಂದು ಚೂರು ಹುಣಿಸೆಹಣ್ಣು ಇಟ್ಟುಕೊಂಡು ಡಬ್ಬಿಯೊಳಗೆ ಉಗುಳುತ್ತಿದ್ದಳು. ಊಟದ ಹೊತ್ತು ಅದು. ಅವನು ತನ್ನ ತಟ್ಟೆ ಹಿಡಿದು ಹೊರಗೆ ಹೋಗಿ ಗೋಡೆಗೆ ಮುಖಮಾಡಿ ಉಂಡಿದ್ದ.

ಅವಳ ಫೋನಿನೊಳಗೆ ಒಂದು ಲೆಕ್ಕವಿತ್ತು. ತಟ್ಟೆ ಮುಂದಿಟ್ಟರೆ ಮೊದಲು ಫೋನು ಉಣ್ಣಬೇಕು. ರೊಟ್ಟಿಗೆ ಒಂದು ಫೋಟೋ, ಪಲ್ಯಕ್ಕೆ ಒಂದು ಫೋಟೋ, ಆಮೇಲೆ ಬೆರಳಿನಿಂದ ಏನೋ ಒತ್ತಿ, ‘ಇಷ್ಟೇ ಅಜ್ಜ, ಇವತ್ತಿಗೆ ಮುಗೀತು ನನ್ನ ಕ್ಯಾಲೊರಿ’ ಎಂದು ಒಂದು ರೊಟ್ಟಿ ಎತ್ತಿ ಅವನ ತಟ್ಟೆಗೆ ಹಾಕುತ್ತಿದ್ದಳು. ಬಂದ ಹೊಸತರಲ್ಲಿ ಅವನು ಕೇಳಿದ್ದ, ‘ಆ ಕ್ಯಾಲೊರಿ ಅಂಬೋದು ನೋಡಾಕೆ ಹೆಂಗಿರ್ತದವ್ವ?’ ‘ಕಾಣಲ್ಲಜ್ಜ. ಉಣ್ಣೋದ್ರೊಳಗೆ ಇರೋ ಶಾಖ ಅದು. ಒಂದು ರೊಟ್ಟಿ ಸುಟ್ರೆ ಎಷ್ಟು ನೀರು ಬೆಚ್ಚಗಾಗ್ತದೋ, ಆ ಲೆಕ್ಕ.’ ‘ರೊಟ್ಟಿ ಯಾಕೆ ಸುಡಬೇಕು?’ ‘ನಾವು ಸುಡಲ್ಲ. ಹೊಟ್ಟೆನೇ ಸುಡ್ತದೆ’ ಅಂದು ನಕ್ಕಿದ್ದಳು. ಆಗ ಇನ್ನೂ ನಗುತ್ತಿದ್ದಳು. ಅವನಿಗೆ ಅದು ಚೆನ್ನಾಗಿ ತಿಳಿಯಿತು, ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿ. ಮಾಗಿಯಲ್ಲಿ ಬಂದಳಿಕೆಯ ಬಯಲಿನಲ್ಲಿ ಕುರಿ ಕೂಡಿಹಾಕಿ, ಕಂಬಳಿ ಸಾಲದೆ ಒಂದು ತಾಯಿಕುರಿಯ ಹೊಟ್ಟೆಗೆ ಬೆನ್ನು ಕೊಟ್ಟು ಮಲಗಿದವನಿಗೆ ಗೊತ್ತಿಲ್ಲವೆ? ಹಗಲೆಲ್ಲ ತಿಂದ ಸೊಪ್ಪು ಅದರೊಳಗೆ ಸದ್ದಿಲ್ಲದೆ ಉರಿಯುತ್ತಿರುತ್ತಿತ್ತು. ಮೇಯದೆ ಬಂದ ಕುರಿಯ ಕಿವಿ ಮುಟ್ಟಿದರೆ ತಣ್ಣಗೆ. ಕಿವಿ ತಣ್ಣಗಾದ ಕುರಿಯನ್ನು ಹಟ್ಟಿಯವರು ಹಾಗೇ ಬಿಡುವುದಿಲ್ಲ, ಎಲೆ ಮಡಿಸಿ ಅದರೊಳಗೆ ನೆನೆಸಿದ ಶೇಂಗಾ ಹಿಂಡಿ ಅಡಗಿಸಿ ಬಾಯಿಗೆ ಕೊಡುತ್ತಾರೆ. ಕುರಿ ಎಲೆಯೆಂದುಕೊಂಡು ತಿನ್ನುತ್ತದೆ. ಬರಿ ಹಿಂಡಿ ಇಟ್ಟರೆ ಮುಖ ತಿರುಗಿಸುತ್ತದೆ. ಒಂದು ಸಂಜೆ ಸುಷ್ಮಿತಾ ಓದುತ್ತ ನಿದ್ದೆಹೋದಾಗ ಅವನು ಅವಳ ಕಿವಿಯ ತುದಿ ಮುಟ್ಟಿ ನೋಡಿದ. ಮರುದಿನದಿಂದ ನೆಲ್ಲಿಕಾಯಿ ಗಾತ್ರದ್ದು ನಿಂಬೆಹಣ್ಣಿನ ಗಾತ್ರದ್ದಾಯಿತು.

ಬೆಣ್ಣೆ ಬಿದ್ದ ಹಿಟ್ಟು ಸುಮ್ಮನೆ ತಟ್ಟಿಸಿಕೊಳ್ಳುವುದಿಲ್ಲ. ಅಂಚು ಬಿರಿಯುತ್ತದೆ. ಬೆರಳಿಗೆ ನೀರು ಹಚ್ಚಿಕೊಂಡು, ಬಿರಿದಲ್ಲೆಲ್ಲ ಸವರಿ, ಮೆಲ್ಲಗೆ ತಿರುಗಿಸಬೇಕು. ಅದನ್ನು ಅವನು ಕಲಿತುಕೊಂಡ. ಫೋನಿಗೆ ಕಣ್ಣಿತ್ತು, ಮೂಗಿರಲಿಲ್ಲ. ಅದು ರೊಟ್ಟಿಯನ್ನು ರೊಟ್ಟಿಯೆಂದೇ ಬರೆದುಕೊಳ್ಳುತ್ತಿತ್ತು. ‘ರೊಟ್ಟಿ ಯಾಕೋ ಮೆತ್ತಗೆ ಆಗ್ಯಾವಲ್ಲಜ್ಜ’ ಅಂದಳು ಒಂದು ದಿನ. ‘ಹೊಸ ಜೋಳ’ ಅಂದ. ಆಮೇಲೆ ಆದದ್ದು ಅವನು ಎಣಿಸದೇ ಇದ್ದದ್ದು. ಶನಿವಾರ ಶನಿವಾರ ಅವಳು ಕುಸ್ತಿಯ ಶೆಡ್ಡಿನಲ್ಲಿ ತೂಕ ನೋಡಿಕೊಂಡು ಬರುವಳು, ಮುಖ ಸಪ್ಪಗಿರುವುದು. ಇಳಿಯಬೇಕಾದದ್ದು ಇಳಿದಿಲ್ಲ. ಎರಡು ರೊಟ್ಟಿ ಇದ್ದದ್ದು ಒಂದೂವರೆಯಾಯಿತು, ಒಂದಾಯಿತು. ಅವಳು ಒಂದು ರೊಟ್ಟಿ ಬಿಟ್ಟಾಗ ಅವನು ಉಳಿದ ಒಂದಕ್ಕೆ ಎರಡರದ್ದೂ ಸೇರಿಸಿ ಹಾಕಿದ. ಬೇಳೆಯ ಮೇಲೆ ಹಾಕಿದ, ಹುರಿಗಡಲೆ ಪುಡಿಯಲ್ಲಿ ಶೇಂಗಾ ಕುಟ್ಟಿ ಬೆರೆಸಿದ. ಅವಳು ಸಂಜೆಯೂ ಓಡಲು ಶುರುಮಾಡಿದಳು. ಅವಳು ಓಡಿದಷ್ಟು ಅವನು ಹಾಕಿದ, ಅವನು ಹಾಕಿದಷ್ಟು ಅವಳು ಓಡಿದಳು. ಒಂದೇ ರೂಮಿನಲ್ಲಿ ಇಬ್ಬರೂ ಕುಸ್ತಿಗೆ ಬಿದ್ದಿದ್ದರು, ಕುಸ್ತಿ ನಡೆಯುತ್ತಿದೆ ಎಂಬುದು ಒಬ್ಬನಿಗೆ ಮಾತ್ರ ಗೊತ್ತಿತ್ತು. ನಡುವೆ ಎರಡು ದಿನ ನಿಲ್ಲಿಸಿದ್ದ. ಎರಡನೆಯ ದಿನ ನಲ್ಲಿಯ ಹತ್ತಿರ ಕೊಡ ಎತ್ತುವಾಗ ಅವಳು ಒಂದು ಗಳಿಗೆ ಗೋಡೆ ಹಿಡಿದುಕೊಂಡು ನಿಂತಳು. ಅಜ್ಜಿಯರೆಲ್ಲ ಅವನ ಕಡೆ ತಿರುಗಿ ನೋಡಿದರು, ಸಾಕುವವನು ಅವನೇ ತಾನೆ ಎನ್ನುವ ಹಾಗೆ. ಸಂಜೆ ಮತ್ತೆ ಹುಚ್ಚಮ್ಮನ ಬುಟ್ಟಿಯ ಮುಂದೆ ನಿಂತಿದ್ದ. ಕೊನೆಗೆ ಅವಳು ರಕ್ತ ಪರೀಕ್ಷೆಯನ್ನೂ ಮಾಡಿಸಿಕೊಂಡು ಬಂದಳು, ಏನೋ ಗ್ರಂಥಿ ಕೆಟ್ಟಿರಬಹುದು ಎಂದು ಯಾರೋ ಹೇಳಿದ್ದರಂತೆ. ಎಲ್ಲ ಸರಿಯಿದೆ ಎಂದು ಬಂತು. ಆ ಕಾಗದ ಮಡಿಚುತ್ತ ಅಂದಳು, ‘ಹಂಗಾರೆ ನನ್ನ ಮೈಯೇ ನನಗೆ ಸುಳ್ಳು ಹೇಳ್ತೈತೆ ಅಜ್ಜ.’ ಅವನು ಎದ್ದು ಪಾತ್ರೆ ತೊಳೆದ.

ಶೆಡ್ಡು ಮೈದಾನದ ಆ ತುದಿಯಲ್ಲಿ. ತಗಡಿನ ಮಾಡು, ಒಳಗೆ ನೀಲಿ ಚಾಪೆ, ಬಾಗಿಲ ಪಕ್ಕದಲ್ಲಿ ಒಂದು ಮೇಜು, ಮೇಜಿನ ಮುಂದೆ ನೆಲದ ಮೇಲೆ ತೂಕದ ಯಂತ್ರ. ಅಷ್ಟು ಚಿಕ್ಕದು, ಎರಡು ಪಾದ ಇಡುವಷ್ಟು. ಟಗರು ತೂಗುವಾಗ ಹೊಟ್ಟೆಗೆ ಹಗ್ಗ ಹಾಕಿ ಕೊಕ್ಕೆಗೆ ಸಿಗಿಸುತ್ತಾರೆ, ನಾಲ್ಕೂ ಕಾಲು ನೆಲ ಬಿಟ್ಟು ಅದು ಸುಮ್ಮನಾಗಿಬಿಡುತ್ತದೆ, ತನ್ನ ಭಾರ ತನಗೇ ಗೊತ್ತಾದ ಹಾಗೆ. ಕೊಳ್ಳಲು ಬಂದವನು ಮುಳ್ಳು ಮೇಲೇರಲಿ ಎಂದು ನೋಡುವನಲ್ಲ, ಸಾಕಿದವನು ನೋಡುತ್ತಾನೆ. ಇಲ್ಲಿ ಎಲ್ಲರೂ ಕೆಳಗಿಳಿಯಲಿ ಎಂದು ನೋಡುತ್ತಿದ್ದಾರೆ. ಸುಷ್ಮಿತಾ ಒಮ್ಮೆ ಹತ್ತಿ ಇಳಿದಾಗಿತ್ತು. ನಾನೂರು ಗ್ರಾಂ ಹೆಚ್ಚು. ತೂಕ ಮುಗಿಸುವುದಕ್ಕೆ ಇನ್ನೂ ಹೊತ್ತಿತ್ತು, ಅಷ್ಟರೊಳಗೆ ಇಳಿಸಿಕೊಂಡು ಬಂದರೆ ಮತ್ತೊಮ್ಮೆ ಹತ್ತಬಹುದು. ಕುಸ್ತಿ ಹೇಳಿಕೊಡುವ ನಾಗಶ್ರೀ ಮೇಡಂ ಅವಳಿಗೆ ತಮ್ಮ ಸ್ವೆಟರನ್ನೂ ಅದರ ಮೇಲೆ ಪ್ಲಾಸ್ಟಿಕ್ಕಿನ ಜಾಕೀಟನ್ನೂ ಹಾಕುತ್ತಿದ್ದರು. ಹಾಕುತ್ತ ಬೈಯುತ್ತಿದ್ದರು. ‘ನಿಜ ಹೇಳು. ನಾನು ಕೊಟ್ಟ ಲೆಕ್ಕದ ಹಂಗೆ ತಿಂದಿದ್ರೆ ಎರಡು ಕೆಜಿ ಹೋಗಿರಬೇಕಿತ್ತು. ಕದ್ದು ತಿಂದೀಯ ತಾನೆ?’

‘ಇಲ್ಲ ಮೇಡಂ.’

‘ಬೇಕರಿ ಮುಂದೆ ನಿಂತಿದ್ದನ್ನ ನೋಡಿದೋರು ಅದಾರೆ.’

‘ನಿಂತಿದ್ದೆ ಮೇಡಂ. ತಿಂದಿಲ್ಲ.’

ಸಾಲಿನಲ್ಲಿದ್ದ ಹುಡುಗಿಯರು ನಕ್ಕರು. ಬೆನಕಪ್ಪ ಬುತ್ತಿಯನ್ನು ಮಡಿಲಿಗೆ ಒತ್ತಿಕೊಂಡ. ಬೇಕರಿಯ ಮುಂದೆ ಅವಳು ನಿಂತದ್ದು ಯಾವಾಗ? ಗಾಜಿನ ಪೆಟ್ಟಿಗೆಯೊಳಗಿನ ಬನ್ನುಗಳನ್ನು ನೋಡುತ್ತ, ಬೆನ್ನಿಗೆ ಕಾಲೇಜಿನ ಚೀಲ ಹಾಕಿಕೊಂಡು? ತಾನು ಕೊಟ್ಟದ್ದೆಲ್ಲ ಅವಳೊಳಗೆ ಎಲ್ಲಿಗೆ ಹೋಯಿತು, ಹಸಿವನ್ನು ಮುಟ್ಟಲೇ ಇಲ್ಲವೆ? ಸುಷ್ಮಿತಾ ಓಡತೊಡಗಿದಳು. ನಾಗಶ್ರೀ ಮೇಡಂ ಬೈಯುವುದನ್ನು ನಿಲ್ಲಿಸಿ, ಸೀರೆ ಉಟ್ಟಿರದಿದ್ದರೂ ಸೀರೆ ಎತ್ತಿ ಹಿಡಿದವರ ಹಾಗೆ ಕೈ ಮಾಡಿಕೊಂಡು, ಅವಳ ಜೊತೆಗೇ ಅರ್ಧ ಸುತ್ತು ಓಡಿ ಏದುಸಿರು ಬಿಡುತ್ತ ನಿಂತರು. ಅವರ ಮುಖದಲ್ಲಿ ಅಳುವೇ ಇತ್ತು. ಕೆಟ್ಟವರಾಗಿದ್ದರೆ ಅವನಿಗೆ ಎಷ್ಟು ಹಗುರವಾಗುತ್ತಿತ್ತು. ಸುಷ್ಮಿತಾಳ ಗೆಳತಿ ಮೇಘನಾ, ಮೇಲಿನ ತೂಕದ ಹುಡುಗಿ, ತನ್ನದು ಮುಗಿಸಿ ಬಾಳೆಹಣ್ಣು ತಿನ್ನುತ್ತ ಬಂದು, ‘ಅಜ್ಜಾರೆ, ನಿಮ್ಮ ಬುತ್ತಿ ವಾಸನೆಗೇ ನೂರು ಗ್ರಾಂ ಏರ್ತಾಳೆ ಅವಳು. ಆಕಡೆ ಕೂತ್ಕಳ್ರಿ’ ಅಂದಳು. ತಮಾಷೆಗೆ ಅಂದದ್ದು. ಅವನು ಎದ್ದು ದೂರದ ಬೇಲಿಯ ಹತ್ತಿರ ಹೋಗಿ ಕೂತ. ಅಲ್ಲಿಂದ ಸುಷ್ಮಿತಾ ಚಿಕ್ಕವಳಾಗಿ ಕಾಣುತ್ತಿದ್ದಳು. ಆ ಬಿಸಿಲಿನಲ್ಲಿ ಜಾಕೀಟಿನೊಳಗೆ ಬೇಯುತ್ತ, ಓಡುತ್ತ, ನಿಂತು ಉಗುಳುತ್ತ, ಮತ್ತೆ ಓಡುತ್ತ. ಪ್ರತಿ ಸುತ್ತಿಗೂ ಅವನ ಮುಂದೆ ಹಾದುಹೋಗುವಾಗ ಜಡೆ ಬೆನ್ನಿಗೆ ಬಡಿಯುವ ಸದ್ದು ಕೇಳುತ್ತಿತ್ತು. ಅವಳು ಅವನ ಕಡೆ ನೋಡಲಿಲ್ಲ. ಅವಳು ಸುಡುತ್ತಿರುವುದು ತನ್ನ ಬೆಣ್ಣೆಯನ್ನು ಎಂದು ಅವನಿಗೆ ತೋರಿತು. ದೀಪಾವಳಿಯಿಂದ ಹಾಕಿದ್ದನ್ನೆಲ್ಲ ಈ ಒಂದು ಬೆಳಿಗ್ಗೆ ಅವಳು ಒಬ್ಬಳೇ ಸುಟ್ಟು ಮುಗಿಸಬೇಕು.

ಎರಡನೆಯ ಸಲ ಹತ್ತಿದಾಗ ನೂರು ಗ್ರಾಂ ಉಳಿದಿತ್ತು. ಬೆವರು ನಿಂತುಹೋಗಿತ್ತು, ಬರಲು ಇನ್ನು ಬೆವರಿರಲಿಲ್ಲ. ಅವಳು ಶೆಡ್ಡಿನ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ಬೆನಕಪ್ಪ ತನಗೆ ತಿಳಿಯದೆಯೇ ಹತ್ತಿರ ಬಂದುಬಿಟ್ಟಿದ್ದ. ಇನ್ನು ಕಾಲು ಗಂಟೆ ಎಂದು ಮೇಜಿನ ಹಿಂದಿನವನು ಹೇಳಿದ. ‘ಜಡೆ ತೆಗೆದ್ರೆ?’ ಅಂದಳು ಮೇಘನಾ, ಈಗ ತಮಾಷೆಯಿಲ್ಲದೆ. ‘ತೆಗೀತಾರೆ, ಎಷ್ಟೋ ಜನ ತೆಗೆದಾರೆ’ ಅಂದರು ನಾಗಶ್ರೀ ಮೇಡಂ, ‘ಆದ್ರೆ ಅವಳ ಇಷ್ಟ.’ ಸುಷ್ಮಿತಾ ಯೋಚಿಸಲೇ ಇಲ್ಲ. ‘ಕತ್ತರಿಸ್ರಿ’ ಅಂದು ಜಡೆಯನ್ನು ಹಿಂದಕ್ಕೆ ಎಸೆದು ಕುತ್ತಿಗೆ ಬಗ್ಗಿಸಿದಳು. ಯಾರೋ ಔಷಧಿ ಪೆಟ್ಟಿಗೆಯಿಂದ ಕತ್ತರಿ ತಂದರು, ಮೇಘನಾ ಜಡೆ ಹಿಡಿದಳು. ಉಣ್ಣೆ ಕತ್ತರಿಸುವ ದಿನ ಅವನು ಕುರಿಯನ್ನು ಮಗ್ಗುಲಾಗಿ ಕೆಡವಿ ಮಂಡಿಯಿಂದ ಒತ್ತಿ ಹಿಡಿಯುತ್ತಿದ್ದ, ಕತ್ತರಿಯ ಸದ್ದಿಗೆ ಅದು ಮೊದಲು ಒದೆಯುವುದು, ಆಮೇಲೆ ಕುತ್ತಿಗೆ ಚಾಚಿ ಸುಮ್ಮನಾಗುವುದು. ಬಿಟ್ಟ ಮೇಲೆ ಎದ್ದು, ಬೋಳು ಮೈಯಲ್ಲಿ, ತನ್ನ ಮರಿಗೇ ಗುರುತು ಸಿಗದೆ ನಿಂತಿರುವುದು. ಬಿದ್ದ ಉಣ್ಣೆಯನ್ನು ಅವನು ಒಮ್ಮೆ ಕೈಯಲ್ಲಿ ಎತ್ತಿ ಇಷ್ಟು ಅಂದರೆ ತಕ್ಕಡಿಯೂ ಅಷ್ಟೇ ಅನ್ನುತ್ತಿತ್ತು. ಈಗ ಆ ಕೈ ಏನೂ ಹೇಳಲಿಲ್ಲ. ಬಗ್ಗಿಸಿದ ಕುತ್ತಿಗೆಯೊಂದೇ ಕಣ್ಣಿಗೆ ಕಂಡಿತು, ಕಿವಿಯ ಹಿಂದಿನ ಬಿಳಿಚಿದ ಜಾಗ.

‘ಬ್ಯಾಡ್ರಿ’ ಅಂದ. ತನ್ನ ದನಿ ತನಗೇ ದೊಡ್ಡದೆನಿಸಿತು. ‘ಅವಳದೇನೂ ತಪ್ಪಿಲ್ಲ. ನಾನು ಬೆಣ್ಣೆ ಹಾಕ್ತಿದ್ದೆ.’

‘ಏನು?’ ಅಂದರು ಮೇಡಂ.

‘ರೊಟ್ಟಿಗೆ. ಎಸರಿಗೆ ಹಾಕ್ತಿದ್ದೆ. ದಿನಾ. ಅವಳಿಗೆ ಗೊತ್ತಿಲ್ಲ.’

ಮೇಘನಾ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ನಾಗಶ್ರೀ ಮೇಡಂ ತಾಳ್ಮೆ ತಂದುಕೊಂಡು, ಸಣ್ಣ ಮಗುವಿಗೆ ಹೇಳುವಂತೆ ಹೇಳಿದರು. ‘ಅಜ್ಜಾರೆ, ಮೊಮ್ಮಗಳನ್ನ ವಹಿಸ್ಕಂಡು ಬರಬ್ಯಾಡ್ರಿ ಈಗ. ನಾನೂ ರೊಟ್ಟಿ ಉಂಡೇ ಬೆಳೆದವಳು. ಜೋಳದ ಹಿಟ್ಟಿಗೆ ಯಾರಾದ್ರೂ ಬೆಣ್ಣೆ ಕಲಸ್ತಾರೇನ್ರಿ? ತಟ್ಟಾಕೇ ಬರಲ್ಲ.’

‘ಬರ್ತದ್ರಿ. ಅಂಚು ಬಿರಿತದೆ. ನೀರು ಹಚ್ಕಂಡು ಹಚ್ಕಂಡು ತಟ್ಟಬೇಕು.’

ಮೇಡಂ ನಂಬಲಿಲ್ಲ. ನಂಬಿದ್ದು ಸುಷ್ಮಿತಾ. ಬಗ್ಗಿಸಿದ ತಲೆ ಮೆಲ್ಲಗೆ ಮೇಲೆದ್ದಿತು. ‘ಅಂಚು’ ಅಂದಳು, ತನಗೆ ತಾನೇ. ದಿನಾ ಅವಳು ಫೋಟೋ ತೆಗೆದ ರೊಟ್ಟಿಗಳ ಅಂಚುಗಳೆಲ್ಲ ಅವಳ ಕಣ್ಣ ಮುಂದೆ ಬರುತ್ತಿರುವುದನ್ನು ಅವನು ನೋಡಿದ. ಈಗ ಬೈಯುತ್ತಾಳೆ ಎಂದು ಕಾದ. ಎಲ್ಲರ ಮುಂದೆ ಬೈಯಲಿ, ಬುತ್ತಿ ಎಸೆಯಲಿ. ಅವಳು ಮೇಘನಾಳ ಕೈಯಿಂದ ಜಡೆಯನ್ನು ಬಿಡಿಸಿಕೊಂಡು ಎದೆಯ ಮೇಲೆ ಹಾಕಿಕೊಂಡಳು. ‘ಬ್ಯಾಡ ಬಿಡೇ’ ಅಂದಳು. ‘ಹೊತ್ತೈತೆ ಸುಷ್ಮಿ, ಇನ್ನೂ ಐತೆ’ ಎಂದು ಮೇಡಂ ಅವಳ ಭುಜ ಹಿಡಿದು ಅಲ್ಲಾಡಿಸಿದರು. ಮೇಜಿನ ಹಿಂದಿನವನು ಅವಳ ಹೆಸರು ಕರೆದ. ಇನ್ನೊಮ್ಮೆ ಕರೆದ. ಅವಳು ಕೇಳಿಸಿಕೊಳ್ಳುತ್ತ ಕೂತಿದ್ದಳು, ಬೇರೆ ಯಾರದೋ ಹೆಸರಿನ ಹಾಗೆ. ಆಮೇಲೆ ಅವನು ಯಂತ್ರವನ್ನು ಎತ್ತಿ ಗೋಡೆಗೆ ಒರಗಿಸಿದ.

‘ಬುತ್ತಿ ಕೊಡಜ್ಜ.’

ಅಲ್ಲೇ ಮೆಟ್ಟಿಲ ಮೇಲೆ ಗಂಟು ಬಿಚ್ಚಿದಳು. ಫೋಟೋ ತೆಗೆಯಲಿಲ್ಲ. ರೊಟ್ಟಿ ಮುರಿದು ಮೂಗಿಗೆ ಹಿಡಿದಳು, ಆಮೇಲೆ ಬಾಯಿಗಿಟ್ಟಳು. ಒಂದೊಂದು ತುತ್ತನ್ನೂ ಬಹಳ ಹೊತ್ತು ಅಗಿದಳು. ಒಳಗೆ ಚಾಪೆಯ ಮೇಲೆ ಯಾರೋ ಬಿದ್ದ ಸದ್ದು, ಸೀಟಿ, ಚಪ್ಪಾಳೆ. ಬೆನಕಪ್ಪ ಎದುರಿಗೆ ಕೂತು ನೋಡಿದ. ಹಾಲಮ್ಮ ಉಣ್ಣುವುದನ್ನು ಅವನು ಒಂದು ದಿನವೂ ನೋಡಿರಲಿಲ್ಲ. ಎಲ್ಲರದೂ ಆದ ಮೇಲೆ ಒಲೆಯ ಕಡೆ ತಿರುಗಿ ಅವಳು ಏನು ಉಂಡಳೋ, ಎಷ್ಟು ಉಂಡಳೋ. ಅವಳನ್ನು ಹೊತ್ತ ದಿನ ಹೆಗಲು ಕೊಟ್ಟ ನಾಲ್ವರಲ್ಲಿ ಒಬ್ಬ, ‘ಏನೂ ಭಾರ ಇಲ್ಲ ಹಾಲಕ್ಕಂದು’ ಅಂದಿದ್ದ, ಹೊಗಳುವ ದನಿಯಲ್ಲಿ. ಟಗರಿನ ಮುಂಗಾಲು ಎತ್ತಿ ತೂಕ ಹೇಳುತ್ತಿದ್ದ ಬೆನಕಪ್ಪ ತಾನೂ ಹೆಗಲು ಕೊಟ್ಟು ನಡೆದಿದ್ದ.

‘ಹಂಗಾರೆ ನನ್ನ ಲೆಕ್ಕ ಸರಿ ಇತ್ತು’ ಅಂದಳು ಸುಷ್ಮಿತಾ.

‘ಹೂಂ.’

‘ಮೈನೂ ಸರಿ ಇತ್ತು.’

‘ಹೂಂನವ್ವ.’

‘ನನಗೆ ಏನೋ ಆಗ್ಯದೆ, ರಾತ್ರಿ ನಿದ್ದೆಗಣ್ಣಾಗೆ ಎದ್ದು ತಿಂತೀನೇನೋ ಅಂದ್ಕಂಡಿದ್ದೆ ಅಜ್ಜ. ಡಬ್ಬಿ ಮುಚ್ಚಳದ ಮ್ಯಾಲೆ ಹಿಟ್ಟು ಉದುರಿಸಿ ಇಡ್ತಿದ್ದೆ, ಬೆಳಗ್ಗೆ ಬೆರಳಿನ ಗುರುತು ಐತಾ ನೋಡಾಕೆ.’

ಅವನು ಆ ಹಿಟ್ಟನ್ನು ನೋಡಿದ್ದ. ತನ್ನ ಕೈಯಿಂದ ಚೆಲ್ಲಿದ್ದು ಅಂದುಕೊಂಡು ಬೆಳಗ್ಗೆ ಬೆಳಗ್ಗೆ ಒರೆಸಿದ್ದ. ಒರೆಸಿದ ಮುಚ್ಚಳ ನೋಡಿ ಅವಳು ಏನಂದುಕೊಂಡಳೋ. ಅವಳು ಕೊನೆಯ ತುಂಡಿನಿಂದ ಬಟ್ಟೆಯಲ್ಲಿದ್ದ ಪುಡಿಯನ್ನೂ ಒತ್ತಿ ತೆಗೆದು ತಿಂದಳು. ‘ರುಚಿ ಐತೆ’ ಅಂದಳು. ಅಷ್ಟೇ. ಬೈಯಲಿಲ್ಲ, ಯಾಕೆ ಹಾಕಿದೆ ಎಂದೂ ಕೇಳಲಿಲ್ಲ. ಕೇಳಿದ್ದರೆ ಹೇಳುವುದಕ್ಕೆ ಅವನ ಹತ್ತಿರ ಬೆನ್ನಿನ ಎಲುಬಿನ ಮಾತಿತ್ತು, ತಣ್ಣನೆಯ ಕಿವಿಯ ಮಾತಿತ್ತು. ಸಂಜೆ ಅವಳು ಸೊರಬಕ್ಕೆ ಫೋನು ಮಾಡಿದಾಗ ಅವನು ಬಾಗಿಲ ಹೊರಗೆ ಕೂತಿದ್ದ, ಕೇಳಲಿ ಎಂದೇ ಅವಳು ದನಿ ತಗ್ಗಿಸಲಿಲ್ಲವೇನೋ. ‘ನನ್ನ ಕೈಯಾಗೆ ಆಗ್ಲಿಲ್ಲಮ್ಮ. ಬಾಯಿ ಕಟ್ಟಾಕೆ ಆಗ್ಲಿಲ್ಲ... ಹೂಂ, ತಿಂದ್ಬಿಟ್ಟೆ. ಬರ್ತೀನಿ.’ ಅಜ್ಜನ ಹೆಸರು ಎಲ್ಲಿಯೂ ಬರಲಿಲ್ಲ. ಅವಳು ತಪ್ಪನ್ನು ತನ್ನ ಮೇಲೆ ಎಳೆದುಕೊಂಡು ಅವನ ಕೈಯಿಂದ ಕಸಿದುಕೊಂಡ ಹಾಗಾಯಿತು. ಇನ್ನು ಅದು ಅವನು ಯಾರ ಹತ್ತಿರವೂ ಹೇಳಿ ಇಳಿಸಿಕೊಳ್ಳುವಂಥದಲ್ಲ. ನಾಗವೇಣಿಯ ಹತ್ತಿರ ಹೇಳಿದರೆ ಮೊಮ್ಮಗಳು ಸುಳ್ಳಿಯಾಗುತ್ತಾಳೆ. ನಲ್ಲಿಯ ಅಜ್ಜಿಯರ ಹತ್ತಿರ ಹೇಳಿದರೆ, ಬೆಣ್ಣೆ ಹಾಕಿದ್ದು ಒಳ್ಳೇದೇ ಆತಲ್ಲ ಬೆನಕಣ್ಣ ಅನ್ನುತ್ತಾರೆ.

ಮಂಗಳವಾರ ಅವನು ಬರಿ ಎಸರಿನಲ್ಲಿ ಹಿಟ್ಟು ನಾದಿದ. ರೊಟ್ಟಿ ಬಿರುಸಾಗಿ ಬಂತು, ಅಂಚು ದುಂಡಗೆ. ಸುಷ್ಮಿತಾ ತಟ್ಟೆ ನೋಡಿ, ‘ಹಾಕಜ್ಜ, ಇನ್ನೇನು’ ಅಂದಳು. ಹುಚ್ಚಮ್ಮನ ಹತ್ತಿರ ಹೋಗಿ ಬೆಣ್ಣೆ ತಂದು ರೊಟ್ಟಿಯ ಮೇಲೆಯೇ ಇಟ್ಟ, ಕಾಣುವ ಹಾಗೆ. ಅವಳು ತಿಂದಳು. ಮೂರು ತಿಂದಳು. ಇನ್ನೊಂದು ಹಾಕಲೇ ಅಂದಾಗ ಬೇಡವೆನ್ನಲಿಲ್ಲ. ಬೇಡ ಎನ್ನುವುದನ್ನೇ ಅವಳು ಬಿಟ್ಟಿದ್ದಳು. ಬೂಟನ್ನು ಮೇಘನಾಳಿಗೆ ಕೊಟ್ಟಳು. ಬೆಳಗ್ಗೆ ಹಾಲಿನ ಕ್ಯಾನುಗಳ ಸದ್ದಾದಾಗ ಅವನಿಗೆ ಎಚ್ಚರವಾಗುತ್ತಿತ್ತು, ಪಕ್ಕದಲ್ಲಿ ಅವಳು ಮುಸುಕು ಹೊದ್ದು ಮಲಗಿಯೇ ಇರುತ್ತಿದ್ದಳು, ಹೊಸ್ತಿಲು ಖಾಲಿ.

ಬಸ್‌ಸ್ಟ್ಯಾಂಡಿಗೆ ಅವನೂ ಹೋದ. ಪಾತ್ರೆ ಪಡಗ ಒಯ್ಯಲು ಮಹಾಂತೇಶ ಆಮೇಲೆ ಬರುವವನಿದ್ದ, ಅಲ್ಲಿಯ ತನಕ ರೂಮಿನಲ್ಲಿ ಅವನೊಬ್ಬನೇ. ಅವಳು ಬೆನ್ನಿಗೊಂದು ಚೀಲ ಹಾಕಿಕೊಂಡು, ಕೈಯಲ್ಲೊಂದು ಹಿಡಿದು ಬಸ್ಸಿನ ಮೆಟ್ಟಿಲ ಹತ್ತಿರ ನಿಂತಳು. ‘ಊಟ ಬಿಡಬ್ಯಾಡ ಅಜ್ಜ’ ಅಂದಳು. ‘ಒಬ್ಬನೇ ಅಂತ ಬರಿ ಚಹಾ ಕುಡಕಂಡು ಕೂತ್ಕಬ್ಯಾಡ.’ ‘ಹೂಂ.’ ‘ಅಯ್ಯೋ, ಜಡೆ ಸಿಕ್ಕಂಡೈತೆ ಚೀಲಕ್ಕೆ. ಬಿಡಿಸು.’ ತಿರುಗಿ ನಿಂತಳು. ಚೀಲದ ಪಟ್ಟಿಯ ಕೆಳಗೆ ಜಡೆ ಒತ್ತಿಕೊಂಡಿತ್ತು. ಪಟ್ಟಿ ಎತ್ತಿ ಅದನ್ನು ಹೊರಗೆಳೆದ. ಇಡೀ ಜಡೆ ಜಾರಿ ಅವನ ಅಂಗೈ ಮೇಲೆ ಬಿತ್ತು, ಈಗಷ್ಟೇ ತಲೆಗೆ ನೀರು ಹಾಕಿಕೊಂಡು ಒಣಗಿಸಿ ಹೆಣೆದದ್ದು, ಬೆಚ್ಚಗೆ. ಕೈ ಕೇಳಲಿಲ್ಲ. ಉಣ್ಣೆ ಎತ್ತಿದ ಹಾಗೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ನೂರು ಗ್ರಾಂಗಿಂತ ಹೆಚ್ಚಿತ್ತು. ಅನುಮಾನವಿರಲಿಲ್ಲ, ಒಂದು ಹಿಡಿಯಷ್ಟು ಹೆಚ್ಚೇ. ಅವತ್ತು ಬಾಯಿ ತೆಗೆಯದೆ ಬೇಲಿಯ ಹತ್ತಿರ ಕೂತಿದ್ದರೆ ಸಾಕಾಗುತ್ತಿತ್ತು.

‘ಬಿಡ್ತಾ ಅಜ್ಜ?’

‘ಬಿಡ್ತವ್ವ’ ಅಂದ.

ಕಂಡಕ್ಟರು ಸೀಟಿ ಊದಿದ. ಸುಷ್ಮಿತಾ ಸೊರಬಕ್ಕೆ ಹೋದದ್ದು ಗುರುವಾರ.